ಎಸ್‌ಎಸ್‌ಡಿ ಹಾಕಿದ ಮೇಲೆ ಕಂಪ್ಯೂಟರ್ ಏಳದಿದ್ದರೆ

ಹಳೆಯ ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವುದು ಈಗ ಅನೇಕ ಮನೆಗಳಲ್ಲಿ ಮನೆಯವರೇ ಮಾಡಿಕೊಳ್ಳುವ ಕೆಲಸ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ತಮ್ಮೂರಿನ ಕಂಪ್ಯೂಟರ್ ಅಂಗಡಿಯಲ್ಲೋ ಡಿಸ್ಕ್ ಕೊಂಡು, ಒಂದು ವಿಡಿಯೊ ನೋಡಿಕೊಂಡು, ಸಣ್ಣ ಸ್ಕ್ರೂಡ್ರೈವರ್ ಹಿಡಿದು ಕೂತರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ, ಹೇಗೂ ಹೊಸ ವಿಂಡೋಸ್ ಹಾಕಬೇಕಲ್ಲ, ಡಿಸ್ಕನ್ನೂ ಬದಲಿಸಿಬಿಡೋಣ ಎಂದು ಕೈಹಾಕುವವರೂ ಇದ್ದಾರೆ. ಹಳೆಯ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಮಾಡಬೇಡಿ ಎಂದು ಯಾರಿಗೂ ಹೇಳಲಾರೆ. ಆದರೆ ಕೆಲಸ ನಡುವೆಯೇ ನಿಂತುಹೋಗುವುದೂ ಉಂಟು. ಕಪ್ಪು ಪರದೆಯ ಮೇಲೆ ‘ನೋ ಬೂಟಬಲ್ ಡಿವೈಸ್’ ಎಂಬ ಬಿಳಿ ಅಕ್ಷರಗಳು, ಇಲ್ಲವೇ ನೀಲಿ ಪರದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಯಂತ್ರ ಚೆನ್ನಾಗಿಯೇ ಎದ್ದು ಡಿ ಡ್ರೈವ್ ಮಾತ್ರ ಖಾಲಿ ಕಾಣುವುದು.

ಆ ಹೊತ್ತಿನಲ್ಲಿ ಇರುವವರಿಗಾಗಿ ಈ ಬರಹ. ಕಂಪ್ಯೂಟರ್ ಏಳದಿರುವುದು ಬೇರೆ, ಫೈಲ್‌ಗಳು ಹೋಗಿರುವುದು ಬೇರೆ. ಯಂತ್ರ ಏಳದಿದ್ದರೂ ಮಗುವಿನ ನಾಮಕರಣದ ಫೋಟೊಗಳು, ಅಂಗಡಿಯ ಲೆಕ್ಕ, ಅಪ್ಪ ಟೈಪ್ ಮಾಡಿಟ್ಟ ಲೇಖನಗಳು ಹಳೆಯ ಡಿಸ್ಕಿನಲ್ಲಿ ಹಾಗೇ ಇರಬಹುದು. ಅವು ನಿಜಕ್ಕೂ ಹೋಗುವುದು ಹೆಚ್ಚಾಗಿ ಆಮೇಲೆ: ಯಂತ್ರವನ್ನು ಹೇಗಾದರೂ ಎಬ್ಬಿಸಬೇಕೆಂಬ ಆತುರದಲ್ಲಿ ಸಿಕ್ಕ ಸಿಕ್ಕ ಬಟನ್ ಒತ್ತುವಾಗ. ಆದ್ದರಿಂದ ಮೊದಲು ಫೈಲ್, ಆಮೇಲೆ ಯಂತ್ರ. ವಿಂಡೋಸ್ ಅನ್ನು ಯಾವಾಗ ಬೇಕಾದರೂ ಪುಕ್ಕಟೆಯಾಗಿ ಮತ್ತೆ ಹಾಕಿಕೊಳ್ಳಬಹುದು. ಈಗಿನ ಯಂತ್ರಗಳಲ್ಲಿ ಅದರ ಪರವಾನಗಿ ಸಾಮಾನ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಡಿಸ್ಕ್ ಬದಲಿಸಿದ ಮಾತ್ರಕ್ಕೆ ಹೊಸ ಕೀ ಕೊಳ್ಳಬೇಕಾಗಿಲ್ಲ.

ಹಾಗಾಗಿ ಏನೋ ತಪ್ಪಾಗಿದೆ ಅನ್ನಿಸಿದ ಕೂಡಲೇ ಪರದೆಯ ಮೇಲಿರುವ ಸಂದೇಶದ ಫೋಟೊ ತೆಗೆದುಕೊಂಡು, ಪವರ್ ಬಟನ್ ಒತ್ತಿ ಹಿಡಿದು, ಯಂತ್ರ ಆರಿಸಿ. ಆಮೇಲೆ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ. ಹಳೆಯ ಡಿಸ್ಕಿನ ಮೇಲೆ ಏನಾದರೂ ಬರೆಯಲ್ಪಟ್ಟಿದೆಯೇ? ತೆಗೆದು ಮೇಜಿನ ಮೇಲಿಟ್ಟ ಮೇಲೆ ಅದನ್ನು ಯಾರೂ ಮುಟ್ಟಿಲ್ಲವಾದರೆ ನಿಮ್ಮ ಕಷ್ಟ ಬರೀ ಹೊಸ ಡಿಸ್ಕಿನದು. ಹಳೆಯ ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿದ್ದರೆ, ಕ್ಲೋನ್ (ಡಿಸ್ಕಿನ ಯಥಾವತ್ ನಕಲು) ಮಾಡುವಾಗ ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ಇಳಿಸಿದ್ದರೆ, ವಿಂಡೋಸ್ ಹಾಕುವಾಗ ತಪ್ಪು ಡಿಸ್ಕಿನ ಪಾರ್ಟಿಷನ್ ಅಳಿಸಿದ್ದರೆ, ಕಥೆ ಬೇರೆ. ಮೊದಲನೆಯದರಿಂದ ಶುರುಮಾಡೋಣ.

ಹಳೆಯ ಡಿಸ್ಕ್ ಕ್ಷೇಮ, ಹೊಸದು ಏಳುತ್ತಿಲ್ಲ

ಹಳೆಯದನ್ನೇ ಮತ್ತೆ ಅದರ ಜಾಗಕ್ಕೆ ಹಾಕಿ ನೋಡಿ. ಮೊದಲಿನಂತೆ ಎದ್ದರೆ ಮನಸ್ಸಿಗೆ ನೆಮ್ಮದಿ. ಮುಖ್ಯ ಫೋಲ್ಡರ್‌ಗಳನ್ನು ಆಗಲೇ ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಅದು ಆದ ಮೇಲೆ ಹೊಸ ಡಿಸ್ಕಿನ ಜೊತೆ ಎಷ್ಟು ಹೊತ್ತು ಬೇಕಾದರೂ ಗುದ್ದಾಡಬಹುದು.

ಹೊಸ ಡಿಸ್ಕ್ ಬಯೋಸ್‌ನಲ್ಲೇ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಸೆಟಪ್ ಪರದೆಯಲ್ಲೇ, ಕಾಣುತ್ತಿಲ್ಲವೆಂದರೆ ಸಾಫ್ಟ್‌ವೇರ್ ಕಡೆ ಹೋಗಲೇಬೇಡಿ. ಎರಡೂವರೆ ಇಂಚಿನ ಸಾಟಾ ಡಿಸ್ಕಾದರೆ ಕನೆಕ್ಟರ್ ಪೂರ್ತಿ ಕೂತಿಲ್ಲದಿರಬಹುದು. ಚೂಯಿಂಗ್ ಗಮ್ ಪಟ್ಟಿಯಂತಿರುವ ಎಂ.2 ಡಿಸ್ಕಿನಲ್ಲಿ ಮಾತ್ರ ಕೊಳ್ಳುವಾಗಲೇ ಆಗುವ ತಪ್ಪೊಂದಿದೆ. ಒಂದೇ ಆಕಾರದ ಎಂ.2 ಡಿಸ್ಕ್ ಎರಡು ಜಾತಿಯಲ್ಲಿ ಬರುತ್ತದೆ, ಸಾಟಾ ಮತ್ತು ಎನ್‌ವಿಎಂಇ. ಸಾಮಾನ್ಯವಾಗಿ ತುದಿಯಲ್ಲಿ ಎರಡು ಕಚ್ಚು ಇದ್ದರೆ ಸಾಟಾ, ಒಂದೇ ಇದ್ದರೆ ಎನ್‌ವಿಎಂಇ. ಆದರೆ ಕಚ್ಚನ್ನಷ್ಟೇ ನಂಬಬೇಡಿ, ಡಿಸ್ಕಿನ ಲೇಬಲ್ ಓದಿ. ಸಾಟಾ ಮಾತ್ರ ಗೊತ್ತಿರುವ ಸ್ಲಾಟಿಗೆ ಎನ್‌ವಿಎಂಇ ಡಿಸ್ಕ್ ಸಿಕ್ಕಿಸಿದರೆ ಅದು ಕೂತಂತೆ ಕಂಡರೂ ಯಂತ್ರಕ್ಕೆ ಕಾಣುವುದಿಲ್ಲ. ಲ್ಯಾಪ್‌ಟಾಪ್‌ನ ಮಾದರಿ ಸಂಖ್ಯೆ ಹಿಡಿದು ತಯಾರಕರ ಕೈಪಿಡಿ ನೋಡುವುದೊಂದೇ ಖಚಿತ ದಾರಿ. ಡಿಸ್ಕ್ ಬದಲಿಸಿಕೊಡಿ ಎಂದು ಅಂಗಡಿಯವರನ್ನು ಅದೇ ವಾರ ಕೇಳಿದರೆ ಕೊಡಬಹುದು, ತಿಂಗಳು ಬಿಟ್ಟು ಹೋದರೆ ಕಷ್ಟ.

ಬಯೋಸ್‌ನಲ್ಲಿ ಕಾಣುತ್ತಿದೆ, ಆದರೂ ‘ನೋ ಬೂಟಬಲ್ ಡಿವೈಸ್’ ಎನ್ನುತ್ತಿದೆಯೇ? ಇಲ್ಲಿ ನಾನು ಮೊದಲು ಅನುಮಾನಿಸುವುದು ಒಂದು ಚಿಕ್ಕ ಪಾರ್ಟಿಷನ್ ಅನ್ನು. ಹೊಸ ರೀತಿಯ, ಅಂದರೆ ಯುಇಎಫ್‌ಐ ಬಳಸುವ ಯಂತ್ರಗಳಲ್ಲಿ ವಿಂಡೋಸ್ ಇರುವ ಸಿ ಡ್ರೈವ್ ತಾನಾಗಿ ಏಳಲಾರದು. ಸಾಮಾನ್ಯವಾಗಿ 100 ಎಂಬಿಯಷ್ಟಿರುವ, ಮೈ ಕಂಪ್ಯೂಟರ್‌ನಲ್ಲಿ ಕಣ್ಣಿಗೇ ಬೀಳದ, ಇಎಫ್‌ಐ ಪಾರ್ಟಿಷನ್ ಒಂದಿರುತ್ತದೆ. ಯಂತ್ರ ಮೊದಲು ಹೋಗುವುದು ಅಲ್ಲಿಗೆ. ಅದು ಹೊಸ ಡಿಸ್ಕಿಗೆ ಬಾರದಿರಲು ಎರಡು ಕಾರಣ ಇರಬಹುದು. ಕ್ಲೋನ್ ಮಾಡುವಾಗ ಸಿ ಡ್ರೈವ್ ಒಂದನ್ನೇ ಆರಿಸಿದ್ದೀರಿ ಎನ್ನುವುದು ಮೊದಲನೆಯದು. ಎರಡನೆಯದು ಇನ್ನೂ ಸೂಕ್ಷ್ಮ. ಹಳೆಯ ಡಿಸ್ಕ್ ಜೋಡಿಸಿರುವಾಗಲೇ ಹೊಸ ಡಿಸ್ಕಿಗೆ ವಿಂಡೋಸ್ ಹಾಕಿದರೆ, ವಿಂಡೋಸ್ ಸೆಟಪ್ ಹಳೆಯ ಡಿಸ್ಕಿನಲ್ಲಿ ಆಗಲೇ ಇರುವ ಇಎಫ್‌ಐ ಪಾರ್ಟಿಷನ್ ಅನ್ನೇ ಬಳಸಿಕೊಂಡು ಬಿಡಬಹುದು. ಎಲ್ಲ ಸರಿಯಾಗಿ ನಡೆಯುತ್ತಿರುತ್ತದೆ. ಒಂದು ದಿನ ಹಳೆಯ ಡಿಸ್ಕ್ ಇನ್ನು ಬೇಡವೆಂದು ಕಿತ್ತರೆ ಅಥವಾ ಫಾರ್ಮ್ಯಾಟ್ ಮಾಡಿದರೆ ಹೊಸದೂ ಏಳುವುದಿಲ್ಲ. ಡಿವಿಡಿ ಡ್ರೈವ್ ತೆಗೆದು ಆ ಜಾಗಕ್ಕೆ ಕ್ಯಾಡಿಯಲ್ಲಿ ಹಳೆಯ ಹಾರ್ಡ್ ಡಿಸ್ಕ್ ಕೂರಿಸುವ ಪದ್ಧತಿ ನಮ್ಮಲ್ಲಿ ಬಹಳ ಇರುವುದರಿಂದ ಈ ತೊಡಕು ಇಲ್ಲಿ ಸಾಮಾನ್ಯ.

ಇದಕ್ಕೆ ಮದ್ದು ಇದೆ. ಬೇರೊಂದು ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಂಡು, ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಒಂದನ್ನು ವಿಂಡೋಸ್ ಸೆಟಪ್ ಡಿಸ್ಕ್ ಆಗಿ ಮಾಡಿಕೊಳ್ಳಿ. ಪೆನ್‌ಡ್ರೈವಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಅದರಿಂದ ಯಂತ್ರ ಎಬ್ಬಿಸಿ, ‘ಇನ್‌ಸ್ಟಾಲ್’ ಒತ್ತದೆ ‘ರಿಪೇರ್ ಯುವರ್ ಕಂಪ್ಯೂಟರ್’ ಆರಿಸಿ. ಅಲ್ಲಿನ ‘ಸ್ಟಾರ್ಟಪ್ ರಿಪೇರ್’ ಕೆಲವೊಮ್ಮೆ ತಾನೇ ಸರಿಮಾಡುತ್ತದೆ. ಆಗದಿದ್ದರೆ ಕಮಾಂಡ್ ಪ್ರಾಂಪ್ಟ್ ತೆರೆದು, ಡಿಸ್ಕ್‌ಪಾರ್ಟ್ ಎಂಬ ಆಜ್ಞೆಯ ಮೂಲಕ ಇಎಫ್‌ಐ ಪಾರ್ಟಿಷನ್ನಿಗೆ ತಾತ್ಕಾಲಿಕವಾಗಿ ಒಂದು ಅಕ್ಷರ ಕೊಟ್ಟು, ‘ಬಿಸಿಡಿಬೂಟ್’ ಎಂಬ ಆಜ್ಞೆಗೆ ವಿಂಡೋಸ್ ಫೋಲ್ಡರಿನ ದಾರಿಯನ್ನೂ ಆ ಅಕ್ಷರವನ್ನೂ ತಿಳಿಸಬೇಕು. ಬೂಟ್ ಫೈಲ್‌ಗಳು ಹೊಸದಾಗಿ ಬರೆಯಲ್ಪಡುತ್ತವೆ. ಇಲ್ಲಿ ಎಚ್ಚರವಿರಬೇಕಾದದ್ದು ಒಂದೇ: ಈ ರಿಪೇರಿ ಪರಿಸರದಲ್ಲಿ ನಿಮ್ಮ ಸಿ ಡ್ರೈವ್‌ಗೆ ಡಿ ಅಥವಾ ಇ ಎಂಬ ಹೆಸರಿರಬಹುದು. ಫೋಲ್ಡರ್‌ಗಳ ಪಟ್ಟಿ ತೆಗೆದು ವಿಂಡೋಸ್ ಫೋಲ್ಡರ್ ಎಲ್ಲಿದೆ ಎಂದು ಕಣ್ಣಾರೆ ನೋಡದೆ ಯಾವ ಆಜ್ಞೆಯನ್ನೂ ಕೊಡಬೇಡಿ. ಇಎಫ್‌ಐ ಪಾರ್ಟಿಷನ್ನೇ ಇಲ್ಲದಿದ್ದರೆ, ಹಳೆಯ ಡಿಸ್ಕ್ ಕ್ಷೇಮವಾಗಿರುವಾಗ, ಪೂರ್ತಿ ಡಿಸ್ಕನ್ನು ಆರಿಸಿ ಮತ್ತೊಮ್ಮೆ ಕ್ಲೋನ್ ಮಾಡುವುದೇ ಸುಲಭ.

‘ಇನ್‌ಆಕ್ಸೆಸಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬಂದರೆ ವಿಂಡೋಸ್ ಏಳಲು ಶುರುಮಾಡಿದೆ, ಆದರೆ ಡಿಸ್ಕನ್ನು ಮಾತಾಡಿಸುವ ಡ್ರೈವರ್ ಅದಕ್ಕೆ ಸಿಗುತ್ತಿಲ್ಲ ಎಂದರ್ಥ. ಸಾಟಾ ಡಿಸ್ಕಿನಿಂದ ಎನ್‌ವಿಎಂಇಗೆ ಹೋದಾಗ, ಅಥವಾ ಬಯೋಸ್‌ನಲ್ಲಿ ಸಾಟಾ ಮೋಡನ್ನು ಎಎಚ್‌ಸಿಐ, ರೇಡ್ ಎಂದು ಬದಲಿಸಿದಾಗ ಹೀಗಾಗುತ್ತದೆ. ಬಯೋಸ್‌ನಲ್ಲಿ ಏನನ್ನಾದರೂ ಬದಲಿಸಿದ್ದರೆ ಮೊದಲಿದ್ದಂತೆಯೇ ಇಡಿ. ಹಾಗೂ ಆಗದಿದ್ದರೆ ಒಮ್ಮೆ ಸೇಫ್ ಮೋಡ್‌ನಲ್ಲಿ ಎಬ್ಬಿಸಿ. ಅಲ್ಲಿ ವಿಂಡೋಸ್ ತನಗೆ ಗೊತ್ತಿರುವ ಡ್ರೈವರ್‌ಗಳನ್ನೆಲ್ಲ ಪ್ರಯತ್ನಿಸಿ ಸರಿಯಾದದ್ದನ್ನು ಹಿಡಿದುಕೊಳ್ಳುತ್ತದೆ. ಮುಂದಿನ ಸಲ ಮಾಮೂಲಿಯಾಗಿ ಏಳುತ್ತದೆ.

ಇನ್ನೊಂದು ಬಗೆಯ ಗೊಂದಲದಲ್ಲಿ ಏನೂ ಕೆಟ್ಟಿರುವುದೇ ಇಲ್ಲ. ಕ್ಲೋನ್ ಆದ ಎರಡು ಡಿಸ್ಕ್‌ಗಳ ಗುರುತಿನ ಸಂಖ್ಯೆ ಒಂದೇ ಆಗಿರಬಹುದು. ಎರಡನ್ನೂ ಒಟ್ಟಿಗೆ ಜೋಡಿಸಿದರೆ ವಿಂಡೋಸ್ ಒಂದನ್ನು ‘ಆಫ್‌ಲೈನ್’ ಎಂದು ಪಕ್ಕಕ್ಕಿಡುತ್ತದೆ. ಹೊಸ ಡಿಸ್ಕ್ ಕಾಣುತ್ತಿಲ್ಲವೆಂದು ಹೆದರಿ ಅದನ್ನೋ, ಗುರುತು ತಪ್ಪಿ ಹಳೆಯದನ್ನೋ ಫಾರ್ಮ್ಯಾಟ್ ಮಾಡುವವರಿದ್ದಾರೆ. ಕ್ಲೋನ್ ಮುಗಿದ ಮೇಲೆ ಮೊದಲ ಸಲ ಏಳಿಸುವಾಗ ಹಳೆಯ ಡಿಸ್ಕ್ ಯಂತ್ರದಿಂದ ಹೊರಗಿರಲಿ.

ನೀಲಿ ಪರದೆ 48 ಅಂಕಿಯ ಕೀ ಕೇಳಿದರೆ ಅದು ಬಿಟ್‌ಲಾಕರ್. ವೈರಸ್ ಎಂದು ತಿಳಿದು ಡಿಸ್ಕ್ ಅಳಿಸಿಬಿಡಬೇಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಹೋಗಿರುತ್ತದೆ, ಮನೆಯವರಿಗೆ ಅದು ಗೊತ್ತೇ ಇರುವುದಿಲ್ಲ. ಯಂತ್ರದ ಒಳಗೆ ಏನಾದರೂ ಬದಲಾದರೆ ಅದು ಕೀ ಕೇಳುತ್ತದೆ. ಮೊಬೈಲ್‌ನಲ್ಲಿ ಅದೇ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆದರೆ, ಡಿವೈಸ್‌ಗಳ ಪಟ್ಟಿಯಲ್ಲಿ ಬಿಟ್‌ಲಾಕರ್ ಕೀಗಳು ಸಿಗುತ್ತವೆ. ಹಲವು ಇದ್ದರೆ ಪರದೆಯ ಮೇಲೆ ತೋರುವ ಕೀ ಐಡಿಯ ಮೊದಲ ಎಂಟು ಅಕ್ಷರಗಳನ್ನು ತಾಳೆ ನೋಡಿ. ಮಗನ, ಮಗಳ ಖಾತೆಯಿಂದ ಮೊದಲ ಸಲ ಲಾಗಿನ್ ಮಾಡಿದ್ದಿರಬಹುದು. ಅವರ ಖಾತೆಯಲ್ಲೂ ಹುಡುಕಿಸಿ. ಆ ಕೀ ಎಲ್ಲೂ ಇಲ್ಲದಿದ್ದರೆ ಡಿಸ್ಕ್ ಎಷ್ಟೇ ಚೆನ್ನಾಗಿದ್ದರೂ ಅದರೊಳಗಿನದು ಯಾರಿಗೂ ಸಿಗುವುದಿಲ್ಲ, ಯಾವ ಅಂಗಡಿಯವರಿಗೂ ಸಿಗುವುದಿಲ್ಲ.

ಹಳೆಯ ಡಿಸ್ಕೇ ಅಳಿಸಿಹೋಗಿದ್ದರೆ

ಈಗ ಕಷ್ಟದ ಭಾಗ. ಇಲ್ಲಿ ತುಸು ನಿಧಾನವಾಗಿ ಓದಿ.

ಡಿಸ್ಕ್ ‘ಅಳಿಸಿದೆ’ ಎಂದಾಗ ಸಾಮಾನ್ಯವಾಗಿ ಅಳಿಯುವುದು ಒಳಗಿನ ಮಾಹಿತಿಯಲ್ಲ, ಆ ಮಾಹಿತಿ ಎಲ್ಲಿದೆ ಎಂದು ಹೇಳುವ ಪಟ್ಟಿ. ಪುಸ್ತಕದ ಪರಿವಿಡಿಯ ಹಾಳೆ ಹರಿದುಹೋದರೂ ಅಧ್ಯಾಯಗಳು ಹಾಗೇ ಉಳಿದಿರುವಂತೆ. ಡಿಸ್ಕ್‌ಪಾರ್ಟ್‌ನ ‘ಕ್ಲೀನ್’ ಆಜ್ಞೆ ಅಳಿಸುವುದು ಪಾರ್ಟಿಷನ್‌ಗಳ ಪಟ್ಟಿಯನ್ನು. ಅದೇ ‘ಕ್ಲೀನ್ ಆಲ್’ ಎಂದರೆ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುತ್ತದೆ. ಕ್ವಿಕ್ ಫಾರ್ಮ್ಯಾಟ್ ಖಾಲಿ ಪಟ್ಟಿಯೊಂದನ್ನು ಬರೆದು ಸುಮ್ಮನಾಗುತ್ತದೆ. ಫುಲ್ ಫಾರ್ಮ್ಯಾಟ್ ವಿಂಡೋಸ್ ವಿಸ್ಟಾದಿಂದ ಈಚೆಗೆ ಎಲ್ಲ ಕಡೆ ಸೊನ್ನೆ ತುಂಬುತ್ತದೆ. ಕೆಲವೇ ಸೆಕೆಂಡಿನಲ್ಲಿ ಮುಗಿದಿತ್ತೆಂದರೆ ಅದು ಕ್ವಿಕ್. ಹಾರ್ಡ್ ಡಿಸ್ಕಾದರೆ ಆಸೆ ಇಟ್ಟುಕೊಳ್ಳಬಹುದು. ಗಂಟೆಗಟ್ಟಲೆ ಓಡಿತ್ತೆಂದರೆ ಓಡಿದಷ್ಟು ಭಾಗ ಹೋಯಿತು. ಸೊನ್ನೆ ಬಿದ್ದ ಜಾಗದಿಂದ, ಬೇರೆ ಫೈಲ್ ಬಂದು ಕೂತ ಜಾಗದಿಂದ ಹಳೆಯದನ್ನು ಯಾವ ತಂತ್ರಾಂಶವೂ ತರಲಾರದು. ತರುತ್ತೇವೆ ಎನ್ನುವ ಜಾಹೀರಾತುಗಳನ್ನು ನಂಬಬೇಡಿ.

ಅಳಿಸಿದ ಡಿಸ್ಕ್ ಎಸ್‌ಎಸ್‌ಡಿ ಆಗಿದ್ದರೆ ಲೆಕ್ಕ ಪೂರಾ ಬದಲು. ವಿಂಡೋಸ್ 7ರಿಂದ ಈಚೆಗೆ, ಫೈಲ್ ಅಳಿಸಿದಾಗ ಅಥವಾ ಫಾರ್ಮ್ಯಾಟ್ ಮಾಡಿದಾಗ, ಈ ಜಾಗ ಇನ್ನು ಬೇಡ ಎಂದು ವಿಂಡೋಸ್ ಡಿಸ್ಕಿಗೆ ತಿಳಿಸುತ್ತದೆ. ಇದಕ್ಕೆ ಟ್ರಿಮ್ ಎಂದು ಹೆಸರು. ಆ ಮಾತು ಕೇಳಿದ ಎಸ್‌ಎಸ್‌ಡಿ, ಬಿಡುವು ಸಿಕ್ಕಾಗ ಆ ಜಾಗವನ್ನು ತಾನೇ ಗುಡಿಸಿ ಖಾಲಿ ಮಾಡಿಟ್ಟುಕೊಳ್ಳುತ್ತದೆ. ಯಂತ್ರಕ್ಕೆ ಕರೆಂಟ್ ಇದ್ದರೆ ಸಾಕು, ಈ ಕೆಲಸ ಒಳಗೊಳಗೇ ನಡೆಯುತ್ತದೆ. ಆದ್ದರಿಂದ ಒಂದು ಎಸ್‌ಎಸ್‌ಡಿಯಿಂದ ಇನ್ನೊಂದಕ್ಕೆ ಹೋಗುವಾಗ ಹಳೆಯದು ಅಳಿಸಿದರೆ ಕೂಡಲೇ ಕರೆಂಟ್ ಕಿತ್ತುಬಿಡಿ. ಯುಎಸ್‌ಬಿ ಅಡಾಪ್ಟರ್ ಮೂಲಕ ಜೋಡಿಸಿದ್ದಾಗ ಅಳಿಸಿದ್ದರೆ ಸ್ವಲ್ಪ ಭರವಸೆ ಇದೆ. ಎಲ್ಲ ಅಡಾಪ್ಟರ್‌ಗಳೂ ಟ್ರಿಮ್ ಆದೇಶವನ್ನು ಒಳಗೆ ದಾಟಿಸುವುದಿಲ್ಲ. ಉಳಿದ ಸಂದರ್ಭಗಳಲ್ಲಿ ಎಸ್‌ಎಸ್‌ಡಿಯಿಂದ ಅಳಿಸಿದ್ದು ಮತ್ತೆ ಸಿಗುವುದು ಅಪರೂಪ. ಇದನ್ನು ಒಪ್ಪಿಕೊಂಡು ಮುಂದಕ್ಕೆ ಹೋಗುವುದು ಹಣ ಉಳಿಸುತ್ತದೆ.

ಹಾರ್ಡ್ ಡಿಸ್ಕಿನ ವಿಷಯದಲ್ಲಿ ಮಾಡಬಾರದ ಕೆಲಸಗಳು ಕೆಲವಿವೆ, ಅವು ಮಾಡಬೇಕಾದವುಗಳಿಗಿಂತ ಮುಖ್ಯ. ಅದನ್ನು ಜೋಡಿಸಿದ ಕೂಡಲೇ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂದು ವಿಂಡೋಸ್ ಕೇಳುತ್ತದೆ. ಕ್ಯಾನ್ಸಲ್ ಒತ್ತಿ. ‘ಇನಿಷಿಯಲೈಸ್ ಮಾಡಲೇ?’ ಎಂದರೆ ಅದಕ್ಕೂ ಕ್ಯಾನ್ಸಲ್. ಚೆಕ್‌ಡಿಸ್ಕ್ ಓಡಿಸಬೇಡಿ, ಅದು ಪಟ್ಟಿಯನ್ನು ನೇರ್ಪಡಿಸುವ ಭರದಲ್ಲಿ ಅರ್ಧಂಬರ್ಧ ಉಳಿದ ಫೈಲ್‌ಗಳ ಗುರುತನ್ನೇ ಕತ್ತರಿಸಿ ಹಾಕಬಹುದು. ಮರುಪಡೆಯುವ ತಂತ್ರಾಂಶವನ್ನು ಅದೇ ಡಿಸ್ಕಿಗೆ ಇಳಿಸಿಕೊಳ್ಳಬೇಡಿ, ಸಿಕ್ಕ ಫೈಲ್‌ಗಳನ್ನೂ ಅದೇ ಡಿಸ್ಕಿಗೆ ಉಳಿಸಬೇಡಿ. ತುಂಬ ಜನ ಇಲ್ಲೇ ಎಡವುತ್ತಾರೆ: ಬೇರೆ ಡಿಸ್ಕ್ ಕೈಯಲ್ಲಿಲ್ಲ, ಸದ್ಯಕ್ಕೆ ಇಲ್ಲೇ ಇರಲಿ ಎಂದು. ಹಾಗೆ ಮಾಡಿದಾಗ ಒಂದು ಫೋಟೊ ಉಳಿಸಲು ಹೋಗಿ ಇನ್ನೊಂದರ ಮೇಲೆ ಬರೆದಂತಾಗುತ್ತದೆ. ಕೈಯಲ್ಲಿ ಇನ್ನೊಂದು ಡಿಸ್ಕ್ ಇಲ್ಲದಿದ್ದರೆ ತರುವವರೆಗೆ ಕಾಯಿರಿ. ಆರಿಸಿಟ್ಟ ಹಾರ್ಡ್ ಡಿಸ್ಕ್ ಒಂದು ವಾರದಲ್ಲಿ ಏನನ್ನೂ ಮರೆಯುವುದಿಲ್ಲ.

ಫೈಲ್‌ಗಳು ಬಹಳ ಬೆಲೆಯವಾದರೆ ಮೊದಲು ಇಡೀ ಡಿಸ್ಕಿನ ಒಂದು ಪ್ರತಿಯನ್ನು ತೆಗೆದುಕೊಳ್ಳಿ. ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ, ಉಬುಂಟು ಅಥವಾ ಲಿನಕ್ಸ್ ಮಿಂಟ್ ಯಾವುದಾದರೂ ಸರಿ, ಯಂತ್ರ ಎಬ್ಬಿಸಿ ಡಿಡಿ-ರೆಸ್ಕ್ಯೂ ಎಂಬ ಪುಕ್ಕಟೆ ತಂತ್ರಾಂಶ ಬಳಸಿದರೆ ಅದು ಹಳೆಯ ಡಿಸ್ಕಿನ ಪ್ರತಿ ಭಾಗವನ್ನೂ ಇದ್ದದ್ದಿದ್ದ ಹಾಗೆ ಬೇರೆ ಡಿಸ್ಕಿಗೆ ಎತ್ತಿಕೊಳ್ಳುತ್ತದೆ. ಓದಲು ಬಾರದ ಜಾಗವನ್ನು ಗುರುತುಹಾಕಿ ಬಿಟ್ಟು, ಕೊನೆಗೆ ಮತ್ತೆ ಅಲ್ಲಿಗೆ ಬರುತ್ತದೆ. ತನ್ನ ನಡೆಯನ್ನು ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಡುವುದರಿಂದ ನಡುವೆ ಕರೆಂಟ್ ಹೋದರೂ ನಿಂತ ಜಾಗದಿಂದಲೇ ಮುಂದುವರಿಸಬಹುದು. ನಮ್ಮ ಊರುಗಳಿಗೆ ಇದು ದೊಡ್ಡ ಅನುಕೂಲ. ಪ್ರತಿ ಇಳಿಸಿಕೊಳ್ಳುವ ಡಿಸ್ಕ್ ಹಳೆಯದಕ್ಕಿಂತ ದೊಡ್ಡದಿರಬೇಕು. ಸೆಕೆಂಡಿಗೆ 100 ಎಂಬಿ ಸಿಕ್ಕರೆ 500 ಜಿಬಿ ಡಿಸ್ಕಿಗೆ ಸುಮಾರು ಒಂದೂವರೆ ಗಂಟೆ. ಹಳೆಯ ಯುಎಸ್‌ಬಿ 2.0 ಪೋರ್ಟ್ ಆದರೆ ನಾಲ್ಕು ಗಂಟೆಗೂ ಹೆಚ್ಚು. ಆಮೇಲಿನ ಹುಡುಕಾಟವೆಲ್ಲ ಈ ಪ್ರತಿಯ ಮೇಲೆ ನಡೆಯಲಿ. ಮೂಲ ಡಿಸ್ಕನ್ನು ಒಂದು ಕವರಿನಲ್ಲಿ ಹಾಕಿ ಬೀರುವಿನಲ್ಲಿಡಿ.

ಹುಡುಕಲು ಟೆಸ್ಟ್‌ಡಿಸ್ಕ್ ಮತ್ತು ಫೋಟೊರೆಕ್ ಎಂಬ ಜೋಡಿ ತಂತ್ರಾಂಶಗಳಿವೆ. ಕ್ರಿಸ್ಟೋಫ್ ಗ್ರೆನಿಯೆ ಬರೆದ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ತಂತ್ರಾಂಶಗಳು. ನೋಡಲು ಕಪ್ಪು ಪರದೆಯ ಮೇಲೆ ಬರೀ ಅಕ್ಷರ, ಮೌಸ್ ಕೆಲಸ ಮಾಡುವುದಿಲ್ಲ, ಅದಕ್ಕೆ ಹೆದರಬೇಡಿ. ಮೊದಲು ಟೆಸ್ಟ್‌ಡಿಸ್ಕ್ ಓಡಿಸಿ. ಅದು ಕಳೆದುಹೋದ ಪಾರ್ಟಿಷನ್‌ಗಳನ್ನು ಹುಡುಕುತ್ತದೆ. ಸಿಕ್ಕಿದ ಪಾರ್ಟಿಷನ್ನಿನ ಮೇಲೆ ಪಿ ಅಕ್ಷರ ಒತ್ತಿದರೆ ಒಳಗಿನ ಫೈಲ್‌ಗಳ ಪಟ್ಟಿ ಕಾಣುತ್ತದೆ. ನಿಮ್ಮ ಫೋಲ್ಡರ್‌ಗಳ ಹೆಸರು ಅಲ್ಲಿ ಕಂಡರೆ ಅರ್ಧ ಗೆದ್ದಂತೆ. ಆಗ ‘ರೈಟ್’ ಒತ್ತಿ ಡಿಸ್ಕನ್ನೇ ಸರಿಮಾಡುವ ಆಸೆಗೆ ಬೀಳದೆ, ಬೇಕಾದ ಫೋಲ್ಡರ್‌ಗಳನ್ನು ಅಲ್ಲಿಂದಲೇ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಹೊಸ ವಿಂಡೋಸ್ ಹಾಕುವಾಗ ಪಾರ್ಟಿಷನ್‌ಗಳನ್ನೆಲ್ಲ ಅಳಿಸಿದವರಿಗೆ ಈ ದಾರಿ ವಿಶೇಷವಾಗಿ ಒದಗುತ್ತದೆ. ಹೊಸ ವಿಂಡೋಸ್ ಡಿಸ್ಕಿನ ಮೊದಲ ಭಾಗದಲ್ಲಿ ಬಂದು ಕೂತಿದ್ದರೂ ಹಿಂದಿನ ಡಿ ಡ್ರೈವ್ ಇದ್ದ ಜಾಗ ಮುಟ್ಟದೆ ಉಳಿದಿರುವ ಸಾಧ್ಯತೆ ಹೆಚ್ಚು. ಫಾರ್ಮ್ಯಾಟ್ ಮಾಡದೆ ಹಳೆಯ ವಿಂಡೋಸ್ ಮೇಲೆಯೇ ಹೊಸದನ್ನು ಹಾಕಿದ್ದರಂತೂ ಏನೂ ಬೇಕಿಲ್ಲ: ಸಿ ಡ್ರೈವ್‌ನಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರ್ ತೆರೆದು ಯೂಸರ್ಸ್ ಒಳಗೆ ನೋಡಿ. ಕೆಲವು ದಿನಗಳಾದ ಮೇಲೆ ವಿಂಡೋಸ್ ತಾನೇ ಅದನ್ನು ಅಳಿಸುವುದರಿಂದ ತಡಮಾಡಬೇಡಿ.

ಟೆಸ್ಟ್‌ಡಿಸ್ಕ್ ಕೈಚೆಲ್ಲಿದಾಗ ಫೋಟೊರೆಕ್. ಅದು ಪಟ್ಟಿಯನ್ನು ನೋಡುವುದೇ ಇಲ್ಲ. ಜೆಪೆಗ್ ಫೋಟೊ ಹೀಗೆ ಶುರುವಾಗುತ್ತದೆ, ಪಿಡಿಎಫ್ ಹೀಗೆ ಶುರುವಾಗುತ್ತದೆ ಎಂಬ ಗುರುತು ಹಿಡಿದು ಡಿಸ್ಕನ್ನೆಲ್ಲ ಜಾಲಾಡುತ್ತದೆ. ಫೋಟೊಗಳು ಚೆನ್ನಾಗಿ ಸಿಗುತ್ತವೆ. ಆದರೆ ಹೆಸರುಗಳು, ಫೋಲ್ಡರ್‌ಗಳು ಹೋಗಿರುತ್ತವೆ, ಸಾವಿರಾರು ಫೈಲ್‌ಗಳು ಅಂಕಿಯ ಹೆಸರು ಹೊತ್ತು ಒಂದರ ಮೇಲೊಂದು ಬೀಳುತ್ತವೆ. ಇಂಟರ್ನೆಟ್ಟಿನಿಂದ ಬಂದ ಚಿಲ್ಲರೆ ಚಿತ್ರಗಳೂ ಅದರೊಳಗೆ ಸೇರಿಕೊಂಡಿರುತ್ತವೆ. ಗಾತ್ರದ ಪ್ರಕಾರ ಜೋಡಿಸಿ ಚಿಕ್ಕವನ್ನು ಪಕ್ಕಕ್ಕೆ ಸರಿಸಿದರೆ ಕ್ಯಾಮೆರಾದ ಫೋಟೊಗಳು ಬೇಗ ಬೇರೆಯಾಗುತ್ತವೆ. ಬಿಟ್‌ಲಾಕರ್ ಹಾಕಿದ ಡಿಸ್ಕಿನಲ್ಲಿ, ಬೀಗ ತೆರೆಯದ ಹೊರತು, ಫೋಟೊರೆಕ್‌ಗೆ ಏನೂ ಸಿಗದು.

ಟ್ಯಾಲಿ ಬಳಸುವ ಮನೆ, ಅಂಗಡಿಗಳಿಗೆ ಒಂದು ಮಾತು. ಟ್ಯಾಲಿಯ ಲೆಕ್ಕ ಒಂದೇ ಫೈಲ್‌ನಲ್ಲಿ ಇರುವುದಿಲ್ಲ. ಅಂಕಿಗಳೇ ಹೆಸರಾಗಿರುವ ಫೋಲ್ಡರಿನಲ್ಲಿ ಹಲವು ಫೈಲ್‌ಗಳಾಗಿ ಹಂಚಿರುತ್ತದೆ. ಅವು ಹೆಸರು ಕಳೆದುಕೊಂಡು ಚೆಲ್ಲಾಪಿಲ್ಲಿಯಾದರೆ ಮತ್ತೆ ಜೋಡಿಸುವುದು ಆಗದ ಮಾತು. ಆದ್ದರಿಂದ ಟ್ಯಾಲಿಗೆ ಫೋಲ್ಡರ್ ಸಮೇತ ಹಿಂತರುವ ದಾರಿಯೊಂದೇ ಗತಿ. ಇಂಥ ಡಿಸ್ಕನ್ನು ಕೈಯಲ್ಲಿ ಹಿಡಿದು ಪ್ರಯೋಗ ಮಾಡಬೇಡಿ, ನೇರವಾಗಿ ಪರಿಣತರಿಗೆ ಕೊಡಿ. ನಿಮ್ಮ ಲೆಕ್ಕಪರಿಶೋಧಕರ ಬಳಿ ಕಳೆದ ವರ್ಷದ ಬ್ಯಾಕಪ್ ಇದೆಯೇ ಎಂದು ಮೊದಲು ಕೇಳಿ. ಇರುವ ಸಾಧ್ಯತೆ ಉಂಟು.

ಸಿಕ್ಕ ಕನ್ನಡ ಫೈಲ್ ಹಾಳಾಗಿಲ್ಲ

ಇದನ್ನು ಪ್ರತ್ಯೇಕವಾಗಿ ಬರೆಯಲು ಕಾರಣವಿದೆ. ಹದಿನೈದು ಇಪ್ಪತ್ತು ವರ್ಷ ಹಿಂದೆ ಕನ್ನಡದಲ್ಲಿ ಟೈಪ್ ಮಾಡಿದ ಬಹಳಷ್ಟು ಫೈಲ್‌ಗಳು ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ, ಶೇಷಾದ್ರಿವಾಸು ಅವರ ಬರಹದಲ್ಲಿ, ಅಂದಿನ ಆಸ್ಕಿ ಫಾಂಟ್‌ಗಳಲ್ಲಿ ಇವೆ. ಆ ಪದ್ಧತಿಯಲ್ಲಿ ಫೈಲ್ ಒಳಗೆ ಉಳಿಯುತ್ತಿದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ನುಡಿ ಫಾಂಟ್ ಅದರ ಮೇಲೆ ಕನ್ನಡದ ರೂಪ ತೊಡಿಸುತ್ತಿತ್ತು. ಹೊಸ ಡಿಸ್ಕಿಗೆ ಹೊಸ ವಿಂಡೋಸ್ ಹಾಕಿದಾಗ ಆ ಫಾಂಟ್‌ಗಳು ಇರುವುದಿಲ್ಲ. ಕಷ್ಟಪಟ್ಟು ಹಿಂತಂದ ಫೈಲ್ ತೆರೆದರೆ ತಲೆಬುಡವಿಲ್ಲದ, ಮೇಲೆ ಕೆಳಗೆ ಚುಕ್ಕೆ ಗೀರುಗಳಿರುವ ರೋಮನ್ ಅಕ್ಷರಗಳು ಕಾಣುತ್ತವೆ. ಫೈಲ್ ಕೆಟ್ಟಿದೆ ಎಂದು ತಿಳಿದು ಅಳಿಸಿಬಿಡುವ ಅಪಾಯ ಇಲ್ಲಿದೆ. ಒಬ್ಬರ ಜೀವಮಾನದ ಬರವಣಿಗೆ ಹಾಗೆ ಹೋಗಬಾರದು. ನುಡಿ ತಂತ್ರಾಂಶವನ್ನು ಹಾಕಿಕೊಂಡು, ಇಡೀ ಬರಹವನ್ನು ಆರಿಸಿ, ನುಡಿ ಫಾಂಟಿಗೆ ಬದಲಿಸಿ ನೋಡಿ; ಕನ್ನಡ ಮೂಡಿತೆಂದರೆ ಫೈಲ್ ಸರಿಯಾಗಿದೆ. ಕೂಡಲೇ ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶದ ಮೂಲಕ ಯೂನಿಕೋಡ್ ಪ್ರತಿಯೊಂದನ್ನು ಮಾಡಿಟ್ಟುಕೊಳ್ಳಿ. ಹಳೆಯ ಫೈಲ್‌ಗಳೊಳಗೆ ಯೂನಿಕೋಡ್ ಕನ್ನಡದಲ್ಲಿ ಪದ ಟೈಪ್ ಮಾಡಿ ಹುಡುಕಿದರೆ ಸಿಗುವುದಿಲ್ಲ ಎಂಬುದೂ ನೆನಪಿರಲಿ. ಸಿಗಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎಂದಲ್ಲ.

ಡಿಸ್ಕ್ ಸದ್ದು ಮಾಡುತ್ತಿದ್ದರೆ

ಟಕ್ ಟಕ್ ಎಂಬ ಸದ್ದು, ಜೋಡಿಸಿದರೆ ಯಂತ್ರವೇ ತಡವರಿಸುವುದು, ಕೈಜಾರಿ ನೆಲಕ್ಕೆ ಬಿದ್ದ ಡಿಸ್ಕ್. ಇವು ಮನೆಯಲ್ಲಿ ಸರಿಮಾಡುವ ಕೆಲಸಗಳಲ್ಲ. ಪ್ರತಿ ಸಲ ಕರೆಂಟ್ ಕೊಟ್ಟಾಗಲೂ ಇನ್ನಷ್ಟು ಹಾಳಾಗುತ್ತದೆ. ಫ್ರೀಜರ್‌ನಲ್ಲಿ ಇಡುವ ಉಪಾಯ ಬೇಡ, ಮುಚ್ಚಳ ತೆರೆಯುವುದಂತೂ ಬೇಡವೇ ಬೇಡ. ಒಳಗಿನ ತಟ್ಟೆಗಳನ್ನು ಧೂಳಿಲ್ಲದ ಕ್ಲೀನ್ ರೂಮಿನಲ್ಲಿ ಮಾತ್ರ ಹೊರತೆಗೆಯಬಹುದು. ಅಂಥ ಕೆಲಸ ಮಾಡುವವರು ಬೆಂಗಳೂರಿನಲ್ಲಿದ್ದಾರೆ, ಅದು ದುಬಾರಿ. ಡಿಸ್ಕ್ ಕೊಡುವ ಮೊದಲು ಪರೀಕ್ಷೆಯ ಶುಲ್ಕ ಎಷ್ಟು, ಏನೂ ಸಿಗದಿದ್ದರೆ ಹಣ ಕೊಡಬೇಕೇ, ಹಣ ಕೊಡುವ ಮುಂಚೆ ಸಿಕ್ಕ ಫೈಲ್‌ಗಳ ಪಟ್ಟಿ ತೋರಿಸುತ್ತಾರೆಯೇ ಎಂದು ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ಡಿಸ್ಕಿನ ಸೀರಿಯಲ್ ನಂಬರ್ ಇರುವ ರಸೀದಿ ಇಸಿದುಕೊಳ್ಳಿ.

ಅಷ್ಟು ಹಣ ಹಾಕುವ ಮೊದಲು ಅದೇ ಫೈಲ್ ಬೇರೆಲ್ಲಿ ಇರಬಹುದೆಂದು ಮನೆಯವರೆಲ್ಲ ಕೂತು ಯೋಚಿಸಿ. ಫೋಟೊಗಳು ಯಾರದಾದರೂ ಗೂಗಲ್ ಫೋಟೋಸ್‌ನಲ್ಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇರಬಹುದು. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರ್‌ಗಳು ವನ್‌ಡ್ರೈವ್‌ಗೆ ಏರಿರಬಹುದು. ಅರ್ಜಿಗಳಿಗೆ ಕಳಿಸಿದ ದಾಖಲೆಗಳು ಇಮೇಲ್‌ನ ಸೆಂಟ್ ಫೋಲ್ಡರಿನಲ್ಲಿ ಉಳಿದಿರುತ್ತವೆ. ಪಹಣಿಯನ್ನು ಭೂಮಿ ತಾಣದಿಂದ, ಅಂಕಪಟ್ಟಿ, ವಾಹನದ ಆರ್‌ಸಿ ಮುಂತಾದವನ್ನು ಡಿಜಿಲಾಕರ್‌ನಿಂದ ಮತ್ತೆ ತೆಗೆದುಕೊಳ್ಳಬಹುದು. ಅವುಗಳ ಸ್ಕ್ಯಾನ್ ಪ್ರತಿಗಾಗಿ ಡಿಸ್ಕ್ ರಿಪೇರಿಗೆ ಸಾವಿರಾರು ರೂಪಾಯಿ ಸುರಿಯುವುದರಲ್ಲಿ ಅರ್ಥವಿಲ್ಲ. ಬೇರೆಲ್ಲೂ ಇಲ್ಲದ್ದು ಯಾವುದು ಎಂದು ತಿಳಿದಾಗ ಎಷ್ಟು ಖರ್ಚು ಮಾಡಬಹುದೆಂಬುದೂ ತಿಳಿಯುತ್ತದೆ.

ಮತ್ತೊಮ್ಮೆ ಕೈಹಾಕುವಾಗ

ಈ ತಪ್ಪುಗಳಲ್ಲೆಲ್ಲ ದೊಡ್ಡದು ತಪ್ಪು ಡಿಸ್ಕ್ ಆರಿಸುವುದು. ‘ಡಿಸ್ಕ್ 0’, ‘ಡಿಸ್ಕ್ 1’ ಎಂಬ ಸಂಖ್ಯೆಗಳನ್ನು ನಂಬಬೇಡಿ, ಕೇಬಲ್ ಬದಲಾದರೆ ಅವೂ ಬದಲಾಗಬಹುದು. ಗಾತ್ರ ನೋಡಿ ಗುರುತಿಸಿ. ತಯಾರಕರು ನೂರು ಕೋಟಿ ಬೈಟಿಗೆ ಒಂದು ಜಿಬಿ ಎನ್ನುತ್ತಾರೆ, ವಿಂಡೋಸ್‌ನ ಅಳತೆ ಅದಕ್ಕಿಂತ ದೊಡ್ಡದು. ಹಾಗಾಗಿ ಪೆಟ್ಟಿಗೆಯ ಮೇಲೆ 500 ಎಂದಿರುವ ಡಿಸ್ಕ್ ವಿಂಡೋಸ್‌ನಲ್ಲಿ 465 ಜಿಬಿ, 512 ಎಂದಿರುವುದು 476, 256 ಎಂದಿರುವುದು 238, 1 ಟಿಬಿ ಎಂದಿರುವುದು 931 ಎಂದು ತೋರುತ್ತದೆ. 500ರ ಹಾರ್ಡ್ ಡಿಸ್ಕಿನಿಂದ 512ರ ಎಸ್‌ಎಸ್‌ಡಿಗೆ ಹೋಗುವವರಿಗೆ 465, 476 ಎರಡೂ ಹೆಚ್ಚುಕಡಿಮೆ ಒಂದೇ ಥರ ಕಂಡು ಮೋಸವಾಗುತ್ತದೆ. ಗಾತ್ರದ ಜೊತೆಗೆ ಮಾದರಿ ಹೆಸರು, ಸಾಧ್ಯವಾದರೆ ಸೀರಿಯಲ್ ನಂಬರನ್ನೂ ಒಂದು ಚೀಟಿಯಲ್ಲಿ ಬರೆದು ಮುಂದಿಟ್ಟುಕೊಳ್ಳಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕು, ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿ ಚಾರ್ಜರ್‌ಗೆ ಸಿಕ್ಕಿಸಿರಲಿ. ಬಿಟ್‌ಲಾಕರ್ ಇದ್ದರೆ ಕ್ಲೋನ್‌ಗೆ ಮುಂಚೆ ಅದನ್ನು ಸಸ್ಪೆಂಡ್ ಮಾಡಿ.

ಕ್ಲೋನ್ ಮಾಡಬೇಕೇ, ಹೊಸದಾಗಿ ವಿಂಡೋಸ್ ಹಾಕಬೇಕೇ ಎಂದು ಕೇಳಿದರೆ, ಮನೆ ಬಳಕೆಗೆ ಹೊಸದಾಗಿ ಹಾಕುವುದೇ ಮೇಲು ಎನ್ನುತ್ತೇನೆ. ಹಳೆಯ ಡಿಸ್ಕನ್ನು ತೆಗೆದು ಮೇಜಿನ ಮೇಲಿಟ್ಟು, ಹೊಸ ಡಿಸ್ಕ್ ಒಂದನ್ನೇ ಯಂತ್ರದಲ್ಲಿಟ್ಟು ವಿಂಡೋಸ್ ಹಾಕಿದರೆ, ತಪ್ಪು ಡಿಸ್ಕ್ ಆರಿಸಲು ಅಲ್ಲಿ ಇನ್ನೊಂದು ಡಿಸ್ಕೇ ಇರುವುದಿಲ್ಲ. ಬೂಟ್ ಫೈಲ್‌ಗಳು ಹೊಸದರಲ್ಲೇ ಕೂರುತ್ತವೆ. ಆಮೇಲೆ ಹಳೆಯದನ್ನು ಯುಎಸ್‌ಬಿ ಕೇಬಲ್ ಮೂಲಕ ಜೋಡಿಸಿ ಬೇಕಾದ ಫೈಲ್‌ಗಳನ್ನಷ್ಟೇ ತಂದುಕೊಳ್ಳಬಹುದು. ಪ್ರೋಗ್ರಾಂಗಳನ್ನು ಮತ್ತೆ ಹಾಕುವ ಶ್ರಮ ಇದ್ದೇ ಇದೆ, ಅದನ್ನು ಪಡಬಹುದು. ವಿಶೇಷ ಪರವಾನಗಿಯ, ಮತ್ತೆ ಸಿಗದ ತಂತ್ರಾಂಶ ಇರುವವರಿಗೆ ಮಾತ್ರ ಕ್ಲೋನ್ ಅನಿವಾರ್ಯ. ಅಂಥವರು ಪೂರ್ತಿ ಡಿಸ್ಕನ್ನೇ ಕ್ಲೋನ್ ಮಾಡಲಿ, ಸಿ ಡ್ರೈವ್ ಒಂದನ್ನೇ ಅಲ್ಲ.

ಹೊಸ ಡಿಸ್ಕ್ ಚೆನ್ನಾಗಿ ನಡೆಯುತ್ತಿದ್ದರೂ ಹಳೆಯದನ್ನು ಕನಿಷ್ಠ ಒಂದು ತಿಂಗಳು ಮುಟ್ಟದೆ ಇಡಿ. ತಿಂಗಳ ಕೊನೆಯ ಲೆಕ್ಕ, ಅಪರೂಪಕ್ಕೆ ತೆರೆಯುವ ಫೋಲ್ಡರ್, ಯಾರೋ ಕೇಳುವ ಹಳೆಯ ಪತ್ರ ಅಷ್ಟರೊಳಗೆ ನೆನಪಾಗುತ್ತವೆ. ಮಾರುವುದಾದರೆ ಅಥವಾ ಯಾರಿಗಾದರೂ ಕೊಡುವುದಾದರೆ ಫುಲ್ ಫಾರ್ಮ್ಯಾಟ್ ಮಾಡಿಯೇ ಕೊಡಿ. ಕ್ವಿಕ್ ಫಾರ್ಮ್ಯಾಟ್ ಮಾಡಿದ ಹಾರ್ಡ್ ಡಿಸ್ಕಿನಿಂದ ನಿಮ್ಮ ಫೋಟೊಗಳನ್ನು ನೀವು ಹೇಗೆ ಹಿಂತರಬಲ್ಲಿರೋ ಕೊಂಡವರೂ ಹಾಗೆಯೇ ತರಬಲ್ಲರು.

ಇದನ್ನು ಓದುತ್ತಿರುವ ನಿಮ್ಮ ಕಂಪ್ಯೂಟರ್ ಈಗ ಸರಿಯಾಗಿಯೇ ಇದ್ದರೆ ಇವತ್ತೇ ಎರಡು ಕೆಲಸ ಮಾಡಿ. ಸೆಟಿಂಗ್ಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಆಗಿದೆಯೇ ನೋಡಿ, ಆಗಿದ್ದರೆ ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದು ಮನೆಯ ಇತರ ದಾಖಲೆಗಳ ಜೊತೆ ಇಡಿ. ಮತ್ತೆಲ್ಲೂ ಸಿಗದ ಫೋಲ್ಡರ್ ಯಾವುದೋ ಅದನ್ನು ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ, ತೆರೆದು ನೋಡಿ, ಕೇಬಲ್ ಕಿತ್ತು ಬೇರೆ ಕೋಣೆಯಲ್ಲಿಡಿ.